ಬಸವನಗುಡಿಯಲ್ಲಿ ಡಾರ್ವಿನ್

ಸುವರ್ಣ ಮಹೋತ್ಸವದ ಸಂಚಿಕೆಗೆ ವಿಜ್ಞಾನದ ಪಾಠಗಳ ಬಗ್ಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಒಂದು ಪ್ರಶ್ನೆ. ಹತ್ತನೇ ತರಗತಿಯಲ್ಲಿ ಜೀವವಿಕಾಸದ ಪಾಠ ಶುರುವಾದ ದಿನ ಹಿಂದಿನ ಬೆಂಚಿನಿಂದ ಯಾರಾದರೊಬ್ಬರು ಎದ್ದು ಕೇಳಿಯೇ ಕೇಳುತ್ತಿದ್ದರು: "ಸಾರ್, ಮನುಷ್ಯನನ್ನು ದೇವರು ಮಾಡಿದ್ದೋ, ಇಲ್ಲಾ ಕೋತಿಯಿಂದ ಬಂದದ್ದೋ?" ತರಗತಿಯೆಲ್ಲ ನಗುತ್ತಿತ್ತು. ಕೇಳಿದವನು ಮಾತ್ರ ನಗುತ್ತಿರಲಿಲ್ಲ. ಈ ಪ್ರಶ್ನೆಗೆ ನಮ್ಮ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳಲ್ಲಿಯೇ ಒಂದು ಇತಿಹಾಸವಿದೆ ಎಂಬುದು ನನಗೂ ತಡವಾಗಿ ತಿಳಿಯಿತು.

ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದು 1915ರಲ್ಲಿ. ಮೂರು ವರ್ಷಗಳ ನಂತರ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಇದೇ ಊರಿನಿಂದ 'ವಿಜ್ಞಾನ' ಎಂಬ ಮಾಸಪತ್ರಿಕೆ ಹೊರಡಿಸಿದರು. ಅದು ಹೆಚ್ಚು ಕಾಲ ಬಾಳಲಿಲ್ಲ. ಆದರೆ ವಿಜ್ಞಾನವನ್ನು ಕನ್ನಡದಲ್ಲಿ ಹೇಳಬಹುದು ಎಂಬ ಧೈರ್ಯ ಬಂತು. ಬೆಳ್ಳಾವೆಯವರು ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು, ಪಂಪಭಾರತವನ್ನು ಸಂಪಾದಿಸಿದವರು. ಅದೇ ಕೈ 'ಜೀವವಿಜ್ಞಾನ'ವೆಂಬ ಪುಸ್ತಕವನ್ನೂ ಬರೆಯಿತು.

ಅತ್ತ ಅಮೆರಿಕದಲ್ಲಿ, ಟೆನೆಸಿ ರಾಜ್ಯದ ಡೇಟನ್ ಎಂಬ ಸಣ್ಣ ಊರಿನಲ್ಲಿ, 1925ರಲ್ಲಿ ವಿಕಾಸವಾದ ಕಲಿಸಿದನೆಂದು ಜಾನ್ ಸ್ಕೋಪ್ಸ್ ಎಂಬ ಶಾಲಾ ಶಿಕ್ಷಕನನ್ನು ಕಟಕಟೆಗೆ ನಿಲ್ಲಿಸಿ ನೂರು ಡಾಲರ್ ದಂಡ ಹಾಕಿದರು. ನಮ್ಮಲ್ಲಿ ಅಂಥದ್ದು ಯಾಕೆ ಆಗಲಿಲ್ಲ? ನನಗೆ ತೋರುವ ಒಂದು ಕಾರಣ ಕಾಲದ ಲೆಕ್ಕ. ಹದಿನೇಳನೇ ಶತಮಾನದ ಐರಿಷ್ ಬಿಷಪ್ ಅಷರ್ ಸೃಷ್ಟಿಯಾದದ್ದು ಕ್ರಿಸ್ತಪೂರ್ವ 4004ರಲ್ಲಿ ಎಂದು ಎಣಿಸಿಟ್ಟಿದ್ದ. ನಮ್ಮ ಪುರಾಣಗಳಲ್ಲಿ ಬ್ರಹ್ಮನ ಒಂದು ಹಗಲೇ 432 ಕೋಟಿ ವರ್ಷ. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ ಎಂದರೆ ಇಲ್ಲಿಯ ಅಜ್ಜಿಯೊಬ್ಬರೂ ಗಾಬರಿಯಾಗುವುದಿಲ್ಲ.

ಅದರ ಮೇಲೆ ದಶಾವತಾರ. ಮತ್ಸ್ಯ, ಕೂರ್ಮ, ವರಾಹ, ನರಸಿಂಹ: ನೀರಿನಿಂದ ನೆಲಕ್ಕೆ, ಮೃಗದಿಂದ ಮನುಷ್ಯನಿಗೆ. ಈ ಹೋಲಿಕೆ ಹತ್ತೊಂಬತ್ತನೇ ಶತಮಾನದಿಂದಲೂ ಬಳಕೆಯಲ್ಲಿದೆ. ನಾನೂ ಮೊದಮೊದಲು ತರಗತಿಯಲ್ಲಿ ಹೇಳುತ್ತಿದ್ದೆ, ಮಕ್ಕಳು ಖುಷಿಪಡುತ್ತಿದ್ದರು. ಆಮೇಲೆ ಬಿಟ್ಟೆ. ಅದು ಮೆಟ್ಟಿಲಿನ ಚಿತ್ರ, ಮೇಲಿನ ಮೆಟ್ಟಿಲಲ್ಲಿ ನಾವು. ಡಾರ್ವಿನ್ 1859ರಲ್ಲಿ ಹೇಳಿದ್ದು ಕೊಂಬೆ ಒಡೆಯುವ ಮರದ ಕಥೆ. ಕೋತಿ ನಮ್ಮ ತಾತನಲ್ಲ, ದಾಯಾದಿ. ಜಗಳವಿಲ್ಲದೆ ಒಪ್ಪಿಕೊಂಡೆವು, ನಿಜ. ಆದರೆ ಅರ್ಥ ಮಾಡಿಕೊಳ್ಳದೆ ಒಪ್ಪಿಕೊಂಡೆವೇನೋ ಎಂಬ ಅನುಮಾನ ನನಗಿದೆ.

ಅರ್ಥ ಮಾಡಿಕೊಂಡವರೊಬ್ಬರು ನಮ್ಮ ನಡುವೆಯೇ ಇದ್ದರು. ಡಿ.ವಿ.ಜಿ.ಯವರನ್ನು ಇಲ್ಲಿ ಯಾರಿಗೂ ಪರಿಚಯಿಸಬೇಕಿಲ್ಲ. ಗಾಂಧಿಬಜಾರಿಗೆ ಹೋಗುವವರೆಲ್ಲ ಅವರ ಹೆಸರಿನ ರಸ್ತೆ ತುಳಿದವರೇ. ಗೀತೆಯ ಬಗ್ಗೆ ಬರೆದ 'ಜೀವನಧರ್ಮಯೋಗ'ಕ್ಕೆ ಅವರಿಗೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮಗ ಬಿ.ಜಿ.ಎಲ್. ಸ್ವಾಮಿಯವರಿಗೆ ಅದೇ ಪ್ರಶಸ್ತಿ 1978ರಲ್ಲಿ, 'ಹಸುರು ಹೊನ್ನು' ಪುಸ್ತಕಕ್ಕೆ. ಸ್ವಾಮಿಯವರ ಹಾಸ್ಯವನ್ನು ಕನ್ನಡಿಗರು ಬಲ್ಲರು, ಅವರ ಸಸ್ಯಶಾಸ್ತ್ರವನ್ನು ಅಷ್ಟಾಗಿ ಬಲ್ಲವರಲ್ಲ. ಹಾರ್ವರ್ಡಿನಲ್ಲಿ ಇರ್ವಿಂಗ್ ಬೈಲಿಯವರ ಜೊತೆ ಸೇರಿ ಅವರು ಫಿಜಿ ದ್ವೀಪದ ಡಿಜನೇರಿಯಾ ಎಂಬ ಮರದ ಹೂವನ್ನು ಅಭ್ಯಾಸ ಮಾಡಿದರು. ಹೂವಿನೊಳಗೆ ಬೀಜ ಕಟ್ಟುವ ಕೋಶ ಮೂಲದಲ್ಲಿ ಉದ್ದುದ್ದ ಮಡಿಸಿಕೊಂಡ ಎಲೆಯಂತಿತ್ತು ಎಂದು 1951ರಲ್ಲಿ ಇಬ್ಬರೂ ಪ್ರಬಂಧ ಬರೆದರು. ಇದನ್ನು ಮಕ್ಕಳಿಗೆ ತೋರಿಸಲು ಫಿಜಿಗೆ ಹೋಗಬೇಕಾಗಿಲ್ಲ. ಡಿಸೆಂಬರಿನಲ್ಲಿ ಒಂದು ಸೊಗಡಿನ ಅವರೆಕಾಯಿ ಸಾಕು. ಕಾಯಿಯನ್ನು ನಾರಿನ ಕಡೆಯಿಂದ ಬಿಡಿಸಿ ಹರಡಿದರೆ ಎಲೆಯ ಆಕಾರ, ಅಂಚಿನ ಉದ್ದಕ್ಕೂ ಕಾಳು. ಅಡುಗೆಮನೆಯಲ್ಲಿ ಸೇರುಗಟ್ಟಲೆ ಬಿಡಿಸಿದ ಕೈಗಳೂ ಅದನ್ನು ಹಾಗೆ ನೋಡಿರುವುದಿಲ್ಲ.

ಡಿಎನ್ಎ ಓದಲು ಬಂದ ಮೇಲೆ ಈ ವಂಶವೃಕ್ಷವನ್ನೂ ತಿದ್ದಬೇಕಾಯಿತು. 1999ರ ಹೊತ್ತಿಗೆ ನ್ಯೂ ಕ್ಯಾಲಿಡೋನಿಯಾದ ಅಂಬೊರೆಲ್ಲಾ ಎಂಬ ಪೊದೆ ಅದರ ಬುಡಕ್ಕೆ ಬಂತು. ಡಿಜನೇರಿಯಾ ನಮ್ಮ ಸಂಪಿಗೆಯ ಬಳಗದಲ್ಲಿ ಉಳಿಯಿತು. ಮಡಿಸಿದ ಎಲೆಯೇ ಎಲ್ಲ ಹೂಗಳ ಮೂಲ ಎಂಬ ಮಾತೂ ಇಂದು ಪೂರ್ತಿ ಹಾಗೆಯೇ ಉಳಿದಿಲ್ಲ. ಸ್ವಾಮಿಯವರಿದ್ದಿದ್ದರೆ ಅದರ ಮೇಲೂ ಒಂದು ನಗೆಚಾಟಿಕೆ ಬರೆಯುತ್ತಿದ್ದರು.

ಪ್ರಾಣಿಗಳ ಡಿಎನ್ಎ ವಿಚಾರಕ್ಕೆ ಬಂದರೆ ಮಕ್ಕಳು ಇನ್ನೊಂದು ಪ್ರಶ್ನೆ ಕೇಳುತ್ತಿದ್ದರು. ಚಿಂಪಾಂಜಿಯ ಡಿಎನ್ಎ ಪೂರ್ತಿ ಓದಿದ್ದು 2005ರಲ್ಲಿ. ಸಾಲಿಗೆ ಸಾಲು ಹೊಂದಿಸಿದಾಗ ನಮಗೂ ಅದಕ್ಕೂ ಅಕ್ಷರಗಳಲ್ಲಿ ವ್ಯತ್ಯಾಸ ನೂರಕ್ಕೆ ಸುಮಾರು 1.2. "ಒಬ್ಬನೇ ಬಡಗಿ ಮಾಡಿದರೆ ಕುರ್ಚಿ, ಮೇಜು ಎರಡಕ್ಕೂ ಒಂದೇ ಮೊಳೆ ಇರುತ್ತದಲ್ಲ ಸಾರ್, ದೇವರೂ ಹಾಗೇ ಮಾಡಿರಬಹುದಲ್ಲ?" ಎಂದಳು ಒಬ್ಬ ಹುಡುಗಿ. ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ನಾನು ನೆಲ್ಲಿಕಾಯಿ ತಂದೆ. ಆಕಳು, ನಾಯಿ, ಬೆಕ್ಕುಗಳು ಸಿ ಜೀವಸತ್ವವನ್ನು ತಮ್ಮ ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ನಾವು ನೆಲ್ಲಿ, ನಿಂಬೆ ತಿನ್ನಲೇಬೇಕು. ಆ ಕೆಲಸದ ಜೀನ್ ನಮ್ಮಲ್ಲೂ ಇದೆ, ಆದರೆ ಕೆಟ್ಟು ಕೂತಿದೆ. ಮಂಗ, ಚಿಂಪಾಂಜಿಗಳಲ್ಲೂ ಅದು ಕೆಟ್ಟಿದೆ. ಅದೂ ನಮ್ಮಲ್ಲಿ ಅಕ್ಷರ ಬಿಟ್ಟುಹೋದ ಜಾಗದಲ್ಲೇ ಅವುಗಳಲ್ಲೂ ಬಿಟ್ಟುಹೋಗಿದೆ. ಗಿನಿಯಿಲಿಯಲ್ಲೂ ಕೆಟ್ಟಿದೆ, ಆದರೆ ಬೇರೆ ರೀತಿಯಲ್ಲಿ. ಉತ್ತರಪತ್ರಿಕೆ ತಿದ್ದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಇಬ್ಬರು ಸರಿಯಾಗಿ ಬರೆದಿದ್ದರೆ ಇಬ್ಬರೂ ಓದಿರಬಹುದು, ಇಬ್ಬರೂ ಒಂದೇ ಕಡೆ ಒಂದೇ ತಪ್ಪು ಮಾಡಿದ್ದರೆ ಮೂಲ ಪ್ರತಿ ಒಂದೇ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ದೇವರು?" ಎಂದಳು. ಅದನ್ನು ಜೀನ್ ಹೇಳುವುದಿಲ್ಲಮ್ಮ ಎಂದೆ. ಮಾರನೆಯ ದಿನ ಅವಳ ತಂದೆ ಬಂದರು, ದೇವಸ್ಥಾನದ ಅರ್ಚಕರು. ನಾನು ಸ್ವಲ್ಪ ಹೆದರಿದೆ. ಅವರು ಬಂದದ್ದು ಗಿನಿಯಿಲಿಯ ಜೀನು ಹೇಗೆ ಕೆಟ್ಟಿತು ಎಂದು ಕೇಳಲು.

ಪ್ರಶ್ನೆ ಕೇಳುವ ಈ ಅಭ್ಯಾಸವನ್ನು ನಮ್ಮ ಭಾಗದಲ್ಲಿ ಬೆಳೆಸಿದವರು ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು. 1962ರಲ್ಲಿ ಅವರು ಕಟ್ಟಿದ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸಗಳಿಗೆ ವಿದ್ಯಾರ್ಥಿಗಳೂ ಪಿಂಚಣಿದಾರರೂ ಒಟ್ಟಿಗೆ ಕೂರುತ್ತಿದ್ದರು.

ವಿಕಾಸವಾದದ ಮೇಲಿನ ಜಗಳ ನಮ್ಮ ದೇಶಕ್ಕೆ ಬಂದದ್ದು ತೀರಾ ಈಚೆಗೆ. 2018ರ ಜನವರಿಯಲ್ಲಿ ಕೇಂದ್ರದ ಸಚಿವರೊಬ್ಬರು ಡಾರ್ವಿನ್ ಸಿದ್ಧಾಂತವೇ ತಪ್ಪು, ಪಠ್ಯದಿಂದ ತೆಗೆಯಬೇಕು ಎಂದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಅದನ್ನು ಒಪ್ಪದೆ ಒಟ್ಟಾಗಿ ಹೇಳಿಕೆ ಕೊಟ್ಟವು. ಅವುಗಳಲ್ಲಿ ಒಂದು ಮಲ್ಲೇಶ್ವರದ ನಿವಾಸಿಯಾಗಿದ್ದ ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ್ದು. ಆ ಮಾತು ಅಲ್ಲಿಗೆ ತಣ್ಣಗಾಯಿತು. ಆದರೆ 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಪುಸ್ತಕದಲ್ಲಿ 'ಅನುವಂಶೀಯತೆ ಮತ್ತು ವಿಕಾಸ' ಎಂಬ ಅಧ್ಯಾಯ ಬರೀ 'ಅನುವಂಶೀಯತೆ'ಯಾಗಿ ಬಂತು. ಕೊರೋನಾ ಕಾಲದ ಹೊರೆ ಇಳಿಸಲು ಎಂದರು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ವಿರೋಧಿಸಿದರು. ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ಇದೆಯಲ್ಲ ಎಂಬುದು ಸಮಾಧಾನದ ಉತ್ತರ. ನಮ್ಮಂಥ ಶಾಲೆಯಿಂದ ಹೋದ ಮಕ್ಕಳಲ್ಲಿ ಪಿಯುಸಿಯಲ್ಲಿ ಜೀವಶಾಸ್ತ್ರ ತೆಗೆದುಕೊಂಡವರು ಎಷ್ಟು ಜನ? ಕಾಮರ್ಸ್ ಸೇರಿದವರು, ಐಟಿಐಗೆ ಹೋದವರು, ಎಸ್ಸೆಸ್ಸೆಲ್ಸಿಗೇ ನಿಲ್ಲಿಸಿ ಅಂಗಡಿಯಲ್ಲಿ ಕುಳಿತವರು, ಇವರಿಗೆಲ್ಲ ಆ ಪಾಠ ಇದ್ದದ್ದು ಹತ್ತನೇ ತರಗತಿಯಲ್ಲಿ ಮಾತ್ರ. ಬಡಗಿಯ ಪ್ರಶ್ನೆ ಕೇಳಿದ ಹುಡುಗಿಯೂ ಮುಂದೆ ಓದಿದ್ದು ಕಾಮರ್ಸೇ.

ಹಳೆಯ ಮುದ್ರಣದ ಹನ್ನೆರಡು ಪ್ರತಿಗಳನ್ನು ರಟ್ಟು ಕಟ್ಟಿಸಿ ಪ್ರಯೋಗಾಲಯದ ಎಡಗಡೆಯ ಬೀರುವಿನಲ್ಲಿ ಇಟ್ಟಿದ್ದೇನೆ. ಬೀಗದ ಕೈ ಕಚೇರಿಯಲ್ಲಿದೆ. ಅವರೆಕಾಯಿಯನ್ನು ನೀವೇ ತರಬೇಕು.