ಅನಂತದ ಜಾಡು

ದೊಡ್ಡಬಳ್ಳಾಪುರದ ಮಗ್ಗದ ಮೇಲೆ ಹಾಸೂ ಹೊಕ್ಕೂ ಒಂದನ್ನೊಂದು ದಾಟುವುದನ್ನು ಕಂಡವರಿಗೆ ಗಣಿತದ ಮಾತೃಕೆಯನ್ನು ವಿವರಿಸುವುದು ಕಷ್ಟವಲ್ಲ. ನೂಲಿನ ಬದಲು ಅಂಕಿಗಳು. ಅಡ್ಡಸಾಲು, ಕಂಬಸಾಲುಗಳಾಗಿ ಜೋಡಿಸಿದ ಒಂದು ಚೌಕ. ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ ಓರೆಯಾಗಿ ಇಳಿಯುವ ಗೆರೆಯೇ ಕರ್ಣ. ಅದರ ಮೇಲಿನ ಅಂಕಿಗಳ ಮೊತ್ತವನ್ನು ಜರ್ಮನ್ ಗಣಿತಜ್ಞರು ‘ಶ್ಪೂರ್’ ಎಂದರು. ಹಾಗೆಂದರೆ ಹೆಜ್ಜೆಯ ಜಾಡು. ನೋಡುವ ದಿಕ್ಕನ್ನು ಬದಲಿಸಿ ಬರೆದರೆ ಚೌಕದ ಅಂಕಿಗಳೆಲ್ಲ ಬದಲಾದಾವು. ಜಾಡು ಮಾತ್ರ ಬದಲಾಗದು. ಎರಡು ಮಾತೃಕೆಗಳನ್ನು ಗುಣಿಸುವ ಕ್ರಮ ಬದಲಾದರೆ ಗುಣಲಬ್ಧ ಬೇರೆಯಾಗಬಹುದು; ಆಗಲೂ ಜಾಡು ಒಂದೇ.

1925ರಲ್ಲಿ ಮ್ಯಾಕ್ಸ್ ಬಾರ್ನ್, ಹೈಸೆನ್‌ಬರ್ಗ್, ಯೋರ್ಡಾನ್ ಇವರು ಪರಮಾಣುವಿನ ಲೆಕ್ಕಕ್ಕೆ ಮಾತೃಕೆಗಳನ್ನು ತಂದರು. ಕಣದ ಸ್ಥಾನಕ್ಕೊಂದು ಮಾತೃಕೆ, ಸಂವೇಗಕ್ಕೊಂದು. ಇವನ್ನು ಎರಡು ಕ್ರಮದಲ್ಲೂ ಗುಣಿಸಿ, ಒಂದರಿಂದ ಇನ್ನೊಂದನ್ನು ಕಳೆದರೆ, ಕರ್ಣದ ಉದ್ದಕ್ಕೂ ಸೊನ್ನೆಯಲ್ಲದ ಒಂದೇ ಅಂಕಿ ಉಳಿಯಬೇಕೆಂಬುದು ಅವರ ನಿಯಮ. ತೊಡಕು ಇಲ್ಲಿದೆ. ಮೇಲೆ ಹೇಳಿದ ಗುಣದಂತೆ ಆ ಶೇಷದ ಜಾಡು ಸೊನ್ನೆಯಾಗಬೇಕು, ನಿಯಮದಂತೆ ಆಗಕೂಡದು. ಪಾರಾಗಲು ದಾರಿ ಒಂದೇ: ಆ ಮಾತೃಕೆಗಳಿಗೆ ಕೊನೆಯೇ ಇರಬಾರದು. ಆದರೆ ಕೊನೆಯಿಲ್ಲದ ಸಾಲನ್ನು ಕೂಡುವುದು ಹೇಗೆ?

ಈ ಪ್ರಶ್ನೆಗೂ ನಮ್ಮ ಬೆಂಗಳೂರಿಗೂ ನಂಟುಂಟು. 1935ರಲ್ಲಿ ಸರ್ ಸಿ. ವಿ. ರಾಮನ್ನರ ಆಹ್ವಾನದ ಮೇಲೆ ಬಾರ್ನರೇ ಇಲ್ಲಿಯ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದು ಕೆಲವು ತಿಂಗಳು ಇದ್ದರು. ಸೆಂಟ್ರಲ್ ಕಾಲೇಜಿನ ಬಿ. ಎಸ್. ಮಾಧವರಾವ್ ಅವರು ತಿರುವೆಂಕಟಾಚಾರ್, ವೆಂಕಟಾಚಲ ಅಯ್ಯಂಗಾರ್ ಇವರೊಡನೆ ಮೂಲಕಣಗಳ ಮಾತೃಕೆಗಳ ಬೀಜಗಣಿತವನ್ನು ಸಾಧಿಸಿದರು. ಆ ಪ್ರಬಂಧ 1946ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಮಾತೃಕೆಗಳಿಗೆ ಕೊನೆಯಿತ್ತು.

1943ರಲ್ಲಿ ಹರೀಶ್‌ಚಂದ್ರ ಎಂಬ ತರುಣ ಅಲಹಾಬಾದಿನಿಂದ ಬಂದು ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಹೋಮಿ ಭಾಭಾರ ಬಳಿ ಸೇರಿದರು. ಡಿರಾಕ್ ಮಾತೃಕೆಗಳ ಮೇಲೆ ಇಲ್ಲಿಂದಲೇ ಬರೆದರು. 1945ರಲ್ಲಿ ಡಿರಾಕ್‌ರ ಶಿಷ್ಯರಾಗಿ ಕೇಂಬ್ರಿಜ್‌ಗೆ ಹೋದರು. ಕೆಲವೇ ವರ್ಷಗಳಲ್ಲಿ, ಭೌತವಿಜ್ಞಾನಿಗೆ ಬೇಕಾದ ಆರನೆಯ ಇಂದ್ರಿಯ ತಮಗಿಲ್ಲವೆಂದು ಬಗೆದು ಗಣಿತಕ್ಕೆ ತಿರುಗಿದರು. ಅವರ ಮುಂದಿದ್ದುದು ಒಂದೊಂದು ಚಲನೆಗೂ ಒಂದೊಂದು ಅನಂತ ಮಾತೃಕೆ. ಒಂದೇ ಚಲನೆಯ ಜಾಡನ್ನು ಕೂಡಹೊರಟರೆ ಮೊತ್ತ ನಿಲ್ಲುವುದಿಲ್ಲ. 1950ರ ದಶಕದಲ್ಲಿ ಅವರು ನೆರೆಯ ಚಲನೆಗಳನ್ನೆಲ್ಲ ನಯವಾದ ತೂಕದಲ್ಲಿ ಬೆರೆಸಿ ಕೂಡಿದರು. ಆಗ ಕರ್ಣದ ಅಂಕಿಗಳು ಹೋಗಹೋಗುತ್ತ ಕುಗ್ಗಿ, ಮೊತ್ತಕ್ಕೆ ನೆಲೆ ಸಿಕ್ಕಿತು.

ಇನ್ನೊಂದು ದಾರಿಯೂ ಭಾರತೀಯರೊಬ್ಬರದೇ. ಶಾಖ ಹರಡುವಾಗ ಸಣ್ಣ ಏರುಪೇರುಗಳು ಮೊದಲು ಅಳಿಯುತ್ತವೆ. ಅದೇ ಬಗೆಯಲ್ಲಿ ದೂರದ ಅಂಕಿಗಳನ್ನು ಕುಗ್ಗಿಸಿ ಕೂಡುವ ಕ್ರಮವನ್ನು ಮೀನಾಕ್ಷಿಸುಂದರಂ ಅವರು ಸ್ವೀಡನ್ನಿನ ಪ್ಲೇಯೆಲ್‌ರೊಡನೆ 1949ರಲ್ಲಿ ಬೆಳೆಸಿದರು. ಇದಕ್ಕೆ ಸೇರಿದ ಝೀಟಾ ಫಲನವನ್ನು 1977ರಲ್ಲಿ ಸ್ಟೀಫನ್ ಹಾಕಿಂಗ್ ಕ್ವಾಂಟಂ ಕ್ಷೇತ್ರದ ಲೆಕ್ಕಕ್ಕೆ ಬಳಸಿದರು. ಹೀಗೆ ಭೌತಶಾಸ್ತ್ರ ಒಡ್ಡಿದ ತೊಡಕಿಗೆ ಗಣಿತ ಕೊಟ್ಟ ಉತ್ತರ ಭೌತಶಾಸ್ತ್ರಕ್ಕೇ ಮರಳಿತು.

ಭಾಭಾರ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ 1945ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. ಅದೇ ವರ್ಷ ಮುಂಬಯಿಗೆ ಹೋಯಿತು. ಹರೀಶ್‌ಚಂದ್ರರು ಅಮೆರಿಕದಲ್ಲಿ ನೆಲೆಸಿ 1983ರಲ್ಲಿ ತೀರಿಕೊಂಡರು. ಆದರೆ ಅದೇ ಸಂಸ್ಥೆಯ ಸೈದ್ಧಾಂತಿಕ ವಿಜ್ಞಾನ ಕೇಂದ್ರ ಇಂದು ಹೆಸರಘಟ್ಟ ಹೋಬಳಿಯ ಶಿವಕೋಟೆಯಲ್ಲಿದೆ. ಅದರ ಆವರಣ 2015ರಲ್ಲಿ ಉದ್ಘಾಟನೆಯಾಯಿತು. ಊರು ಬಿಟ್ಟು ಹೋದ ವಿದ್ಯೆ ದೊಡ್ಡಬಳ್ಳಾಪುರದ ಮಗ್ಗಗಳಿಗೆ ಅಷ್ಟೇನೂ ದೂರವಲ್ಲದ ಕಡೆ ಮತ್ತೆ ನೆಲೆಯೂರಿದೆ. ನಮ್ಮ ಹಳ್ಳಿಯ ಮಕ್ಕಳು ಅದರ ಬಾಗಿಲು ತಟ್ಟಬೇಕಾದುದೊಂದೇ ಇನ್ನುಳಿದ ಕೆಲಸ.