ನಗದು ನೆರವು ಮತ್ತು ಮಾನಸಿಕ ಆರೋಗ್ಯ

ಸರ್ಕಾರವೋ ಸೇವಾಸಂಸ್ಥೆಯೋ ಬಡ ಕುಟುಂಬಗಳಿಗೆ ಧಾನ್ಯ, ಬಟ್ಟೆಗಳ ಬದಲು ನೇರವಾಗಿ ಹಣವನ್ನೇ ಕೊಡುವುದು ನಗದು ನೆರವು. ಮಕ್ಕಳನ್ನು ಶಾಲೆಗೆ ಕಳಿಸಬೇಕು, ತಪಾಸಣೆಗೆ ಕರೆತರಬೇಕು ಎಂಬ ಕಟ್ಟಳೆ ಇದ್ದರೆ ಅದು ಷರತ್ತುಬದ್ಧ; ಖರ್ಚಿನ ಲೆಕ್ಕ ಕೇಳದೆ ಕೊಟ್ಟರೆ ಷರತ್ತುರಹಿತ. ಇಂಥ ಹಣ ಹಸಿವನ್ನಷ್ಟೇ ಅಲ್ಲ, ಖಿನ್ನತೆ ಮತ್ತು ಆತಂಕವನ್ನೂ ತಗ್ಗಿಸುತ್ತದೆಯೇ ಎಂಬುದನ್ನು ಕಳೆದ ಎರಡು ದಶಕಗಳಲ್ಲಿ ಅರ್ಥಶಾಸ್ತ್ರಜ್ಞರೂ ಮನೋವೈದ್ಯರೂ ಗಂಭೀರವಾಗಿ ಪರಿಶೀಲಿಸಿದ್ದಾರೆ.

ಬಡತನ ಮತ್ತು ಮನೋವ್ಯಾಧಿ ಒಂದನ್ನೊಂದು ಬೆಳೆಸುತ್ತವೆ. ಕೂಲಿ ಸಿಗದ ದಿನದ ಚಿಂತೆ, ಸಾಲ ಕೊಟ್ಟವರು ಬಾಗಿಲಿಗೆ ಬಂದಾರೆಂಬ ಭಯ, ನಾಲ್ಕು ಜನರೆದುರು ತಲೆ ತಗ್ಗಿಸಬೇಕಾದ ಸಂಕಟ ಇವೆಲ್ಲ ಮನಸ್ಸನ್ನು ಕುಗ್ಗಿಸುತ್ತವೆ. ಕುಗ್ಗಿದವರಿಗೆ ದುಡಿಯಲು ಆಗುವುದಿಲ್ಲ. ಬಡತನ ಇನ್ನಷ್ಟು ಗಟ್ಟಿಯಾಗುತ್ತದೆ. ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅದೇ ರೈತ ಕಟಾವಿಗೆ ಮುಂಚಿನ ಕೈ ಖಾಲಿಯಾದ ದಿನಗಳಿಗಿಂತ ಕಟಾವಿನ ಹಣ ಬಂದ ಮೇಲೆ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಚೆನ್ನಾಗಿ ಉತ್ತರಿಸಿದ್ದು ಕಂಡುಬಂತು.

ಈ ಕ್ಷೇತ್ರದಲ್ಲಿ ಹೆಚ್ಚು ಚರ್ಚೆಯಾದದ್ದು ಪಶ್ಚಿಮ ಕೀನ್ಯಾದ ರರೀಡಾ ಪ್ರದೇಶದ ಪ್ರಯೋಗ. ಅಲ್ಲಿ ಗಿವ್‌ಡೈರೆಕ್ಟ್ಲಿ ಎಂಬ ಸಂಸ್ಥೆ 2011-12ರ ಸುಮಾರಿಗೆ ಹುಲ್ಲಿನ ಚಾವಣಿಯ ಮನೆಗಳನ್ನು ಗುರುತಿಸಿ, ಅವುಗಳಲ್ಲಿ ಕೆಲವನ್ನು ಲಾಟರಿಯಂತೆ ಆರಿಸಿ, ಎಂ-ಪೆಸಾ ಎಂಬ ಸೇವೆಯ ಮೂಲಕ ಮೊಬೈಲಿಗೆ ಹಣ ಕಳಿಸಿತು. ಹೆಚ್ಚಿನವರಿಗೆ 25,200 ಶಿಲ್ಲಿಂಗ್, ಕೆಲವರಿಗೆ 95,200. ಕೆಲವು ಮನೆಗಳಲ್ಲಿ ಗಂಡನಿಗೆ, ಕೆಲವು ಕಡೆ ಹೆಂಡತಿಗೆ. ಕೆಲವರಿಗೆ ಇಡುಗಂಟಾಗಿ, ಕೆಲವರಿಗೆ ಒಂಬತ್ತು ತಿಂಗಳ ಕಂತಿನಲ್ಲಿ. ಯೋಹಾನೆಸ್ ಹೌಸ್‌ಹೋಫರ್ ಮತ್ತು ಜೆರೆಮಿ ಶಪಿರೊ 2016ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಹಣ ಪಡೆದವರಲ್ಲಿ ಒತ್ತಡ ಮತ್ತು ಖಿನ್ನತೆ ಇಳಿದವು, ಸಂತೋಷ ಹೆಚ್ಚಿತು. ಕುಡಿತ, ತಂಬಾಕಿನ ಖರ್ಚು ಏರಲಿಲ್ಲ. ಬಡವರ ಕೈಗೆ ಕಾಸು ಬಂದರೆ ಹೆಂಡದಂಗಡಿ ಸೇರುತ್ತದೆ ಎನ್ನುವವರು ಇದನ್ನು ಮನಸ್ಸಿಟ್ಟು ಓದಬೇಕು. ಇಡುಗಂಟು ಬಂದ ಹಲವರು ಮಾಡಿಗೆ ತಗಡು ಹೊದಿಸಿದರು. ಮತ್ತೆ ಮತ್ತೆ ಹುಲ್ಲು ಹಾಕಿಸುವ ಖರ್ಚು ತಪ್ಪಿತು. ಸಂಶೋಧಕರು ಜೊಲ್ಲಿನಲ್ಲಿ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನನ್ನೂ ಅಳೆದರು. ಒಟ್ಟಾರೆ ಸರಾಸರಿಯಲ್ಲಿ ಅದು ಬದಲಾಗಿರಲಿಲ್ಲ. ಆದರೆ ಗಂಡನ ಬದಲು ಹೆಂಡತಿಗೆ, ಕಂತಿನ ಬದಲು ಇಡುಗಂಟಾಗಿ, ಸಣ್ಣ ಮೊತ್ತದ ಬದಲು ದೊಡ್ಡ ಮೊತ್ತ ಸಂದ ಕಡೆ ಅದರ ಮಟ್ಟ ಕಡಿಮೆಯಿತ್ತು. ನೆರೆಮನೆಗೆ ಹಣ ಬಂದು ತಮಗೆ ಬಾರದವರ ಜೀವನ ತೃಪ್ತಿ ಮಾತ್ರ ಕುಸಿಯಿತು; ಕಾಲ ಕಳೆದಂತೆ ಆ ಬೇಸರ ಮಾಯವಾಗುತ್ತ ಬಂತು.

ಷರತ್ತುಗಳು ಮನಸ್ಸಿಗೆ ಭಾರವಾಗಬಲ್ಲವು ಎಂಬುದಕ್ಕೆ ಮಲಾವಿಯ ಜೋಂಬಾ ಜಿಲ್ಲೆಯ ಹದಿಹರೆಯದ ಹೆಣ್ಣುಮಕ್ಕಳ ಅನುಭವ ಸಾಕ್ಷಿ. ಷರತ್ತಿಲ್ಲದೆ ನೆರವು ಪಡೆದವರಲ್ಲಿ ಮಾನಸಿಕ ಯಾತನೆ ಶೇ. 38ರಷ್ಟು ಕಡಿಮೆಯಾದರೆ, ಶಾಲಾ ಹಾಜರಾತಿಯ ಷರತ್ತಿನ ಮೇಲೆ ಪಡೆದವರಲ್ಲಿ ಶೇ. 17ರಷ್ಟು ಮಾತ್ರ. ಮಗಳ ಹಾಜರಾತಿಯನ್ನು ನೆಚ್ಚಿ ತಂದೆತಾಯಿಗೆ ಸಿಗುವ ಮೊತ್ತ ದೊಡ್ಡದಾದಷ್ಟೂ ಲಾಭ ಕರಗುತ್ತ ಹೋಯಿತು: ಮನೆಯ ವರಮಾನದ ಹೊಣೆ ಹುಡುಗಿಯ ಹೆಗಲೇರಿತ್ತು. ಎರಡು ವರ್ಷಗಳ ಯೋಜನೆ ಮುಗಿದ ಮೇಲೆ ಈ ಲಾಭವೂ ಉಳಿಯಲಿಲ್ಲ.

ಮಕ್ಕಳ ವಿಷಯದಲ್ಲಿ ಅಮೆರಿಕದ ಉತ್ತರ ಕೆರೊಲಿನಾದ ಚೆರೊಕೀ ಸಮುದಾಯದ ಉದಾಹರಣೆ ಪ್ರಸಿದ್ಧ. ಜೇನ್ ಕಾಸ್ಟೆಲೊ ತಂಡ ಅಲ್ಲಿ 1,420 ಮಕ್ಕಳನ್ನು ವರ್ಷಗಟ್ಟಲೆ ಗಮನಿಸುತ್ತಿದ್ದ ನಡುವೆಯೇ ಬುಡಕಟ್ಟಿನವರ ಕ್ಯಾಸಿನೊ ಆರಂಭವಾಯಿತು. ಅದರ ಲಾಭದ ಪಾಲು ಪ್ರತಿ ಸದಸ್ಯರಿಗೂ ಸಿಗತೊಡಗಿತು. ಬಡತನದಿಂದ ಹೊರಬಂದ ಮನೆಗಳ ಮಕ್ಕಳಲ್ಲಿ ಹಟ, ಜಗಳಗಂಟಿತನದಂಥ ವರ್ತನೆಯ ತೊಂದರೆಗಳು ಎಂದೂ ಬಡತನ ಕಾಣದ ಮಕ್ಕಳ ಮಟ್ಟಕ್ಕೆ ಇಳಿದವು. ತಂದೆತಾಯಿಗೆ ಮಕ್ಕಳ ಮೇಲೆ ನಿಗಾ ಇಡಲು ಬಿಡುವು ಸಿಕ್ಕಿದ್ದೇ ಮುಖ್ಯ ಕಾರಣವೆಂದು 2003ರ ವರದಿ ಹೇಳುತ್ತದೆ. ಆತಂಕ ಮತ್ತು ಖಿನ್ನತೆ ಆಗ ಕದಲಲಿಲ್ಲ.

ಆತ್ಮಹತ್ಯೆಯ ಬಗೆಗಿನ ಪುರಾವೆ ಇಂಡೊನೇಷ್ಯಾದ್ದು; ಅಲ್ಲಿ ನಗದು ಯೋಜನೆ ತಲುಪಿದ ಕಡೆ ಆತ್ಮಹತ್ಯೆಯ ಪ್ರಮಾಣ ಶೇ. 18ರಷ್ಟು ತಗ್ಗಿತು. ಎಲ್ಲೆಡೆಯೂ ಹೀಗೆಯೇ ಆಗಿಲ್ಲ. ಅಮೆರಿಕದಲ್ಲಿ 2018ರಿಂದ ಬಡ ಬಾಣಂತಿಯರಿಗೆ ತಿಂಗಳಿಗೆ 333 ಡಾಲರ್ ಕೊಟ್ಟ ಪ್ರಯೋಗದಲ್ಲಿ ತಾಯಂದಿರ ಮನಃಸ್ಥಿತಿ ಸುಧಾರಿಸಲಿಲ್ಲ. ಬಡ ಮತ್ತು ಮಧ್ಯಮ ಆದಾಯದ ದೇಶಗಳ 45 ಅಧ್ಯಯನಗಳನ್ನು ಒಟ್ಟುಗೂಡಿಸಿದ 2022ರ ವಿಶ್ಲೇಷಣೆ, ಪರಿಣಾಮ ಚಿಕ್ಕದಾದರೂ ನಿಜ ಎಂದು ತೋರಿಸಿತು.

ಕರ್ನಾಟಕದಲ್ಲಿ ಆಗಸ್ಟ್ 2023ರಲ್ಲಿ ಜಾರಿಗೆ ಬಂದ ಗೃಹಲಕ್ಷ್ಮಿ ಯೋಜನೆ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಹಾಕುತ್ತದೆ, ಖರ್ಚಿನ ಲೆಕ್ಕ ಕೇಳುವುದಿಲ್ಲ. ರರೀಡಾದ ಲೆಕ್ಕದಲ್ಲಿ ನೋಡಿದರೆ ಹೆಂಗಸರ ಕೈಗೆ ಹಣ ಕೊಡುವುದು ಸರಿಯಾದ ದಾರಿಯೇ. ಆದರೆ ಹಣ ಚಿಕಿತ್ಸೆಗೆ ಬದಲಿಯಲ್ಲ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಕಾಯಿಲೆಯ ಬಗೆಗೆ ತಕ್ಕಂತೆ ಶೇ. 70ರಿಂದ 92ರಷ್ಟು ಮನೋರೋಗಿಗಳಿಗೆ ಚಿಕಿತ್ಸೆ ಸಿಗುತ್ತಿಲ್ಲವೆಂದು ಕಂಡುಬಂತು. ಹಳೆಯ ತೀವ್ರ ಖಿನ್ನತೆಯಿಂದ ನರಳುವವರಿಗೆ ಔಷಧ, ಆಪ್ತಸಮಾಲೋಚನೆ ಎರಡೂ ಹಣದ ಜೊತೆಗೇ ಬೇಕು.