ಹೆಣದ ಗಾಡಿಯೇ ಆಂಬುಲೆನ್ಸ್

ಸಮಿತಿ ಎಂದೊಡನೆ ನನಗೆ ನೆನಪಾಗುವುದು ಕಾಫಿ, ಖಾರಾಬಾತು, ಮುಂದೂಡಿದ ಸಭೆ. ಆದರೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿಗಳು 1966ರಲ್ಲಿ ಕೊಟ್ಟ ವರದಿಯೊಂದರ ಬಗ್ಗೆ ಓದಿದ ಮೇಲೆ ಆ ಮಾತನ್ನು ಹಗುರವಾಗಿ ಆಡಲಾರೆ. ಹಿಂದಿನ ವರ್ಷ ಆ ದೇಶದಲ್ಲಿ ಅಪಘಾತಗಳಿಂದ ಸತ್ತವರು 1,07,000 ಮಂದಿ. ಗಾಯಾಳುಗಳನ್ನು ಸಾಗಿಸುತ್ತಿದ್ದವರು ಯಾರು ಗೊತ್ತೇ? ಆಂಬುಲೆನ್ಸ್ ಸೇವೆಯಲ್ಲಿ ಸುಮಾರು ಅರ್ಧಪಾಲು ಶವಸಂಸ್ಕಾರದ ವ್ಯಾಪಾರಿಗಳದ್ದು! ಮನುಷ್ಯನನ್ನು ಮಲಗಿಸಿ ಒಯ್ಯಬಲ್ಲ ಉದ್ದನೆಯ ಗಾಡಿ ಇದ್ದದ್ದು ಅವರ ಬಳಿ ತಾನೆ. ಗಾಡಿ ಹೇಗಿರಬೇಕು, ಜೊತೆಗೆ ಹೋಗುವವರು ಏನು ಕಲಿತಿರಬೇಕು ಎಂಬುದಕ್ಕೆ ದೇಶಕ್ಕೆಲ್ಲ ಒಂದು ಕಟ್ಟಳೆ ಬೇಕು, ಸಂಶೋಧನೆಯೂ ಬೇಕು ಎಂದಿತು ವರದಿ.

ಅದೇ ವರ್ಷ ಪಿಟ್ಸ್‌ಬರ್ಗಿನ ವೈದ್ಯ ಪೀಟರ್ ಸಫಾರ್ ಅವರ 11 ವರ್ಷದ ಮಗಳು ಉಬ್ಬಸದಿಂದ ತೀರಿಕೊಂಡಳು. ಬಾಯಿಗೆ ಬಾಯಿಟ್ಟು ಉಸಿರು ತುಂಬಿ ಬದುಕಿಸಬಹುದೆಂದು ಸಾಧಿಸಿ ತೋರಿಸಿದವರ ಮಗಳು! ಆ ದುಃಖವನ್ನು ನುಂಗಿಕೊಂಡೇ ಅವರು ‘ಫ್ರೀಡಂ ಹೌಸ್’ ಆಂಬುಲೆನ್ಸ್ ಸೇವೆಗೆ ಕೈಹಾಕಿದರು. ಕೆಲಸವಿಲ್ಲದೆ ಕುಳಿತಿದ್ದ ಕಪ್ಪು ಜನಾಂಗದವರಿಗೆ ಸುಮಾರು 300 ಗಂಟೆಗಳ ತರಬೇತಿ. ಮುಂದೆ ನ್ಯಾನ್ಸಿ ಕ್ಯಾರೊಲಿನ್ ಎಂಬ ವೈದ್ಯೆ ಇವರ ಜೊತೆ ಬೀದಿ ಬೀದಿ ಓಡಾಡಿ ರೂಪಿಸಿದ ಪಾಠಕ್ರಮ ದೇಶಕ್ಕೇ ಮಾದರಿಯಾಯಿತು.

ಫ್ರೀಡಂ ಹೌಸ್ ಮಾತ್ರ 1975ರಲ್ಲಿ ಮುಚ್ಚಿತು. ನಗರಾಡಳಿತ ತನ್ನದೇ ಸೇವೆ ತೆರೆಯಿತು. ದಾರಿ ತೋರಿಸಿದವರಲ್ಲಿ ಹಲವರಿಗೆ ಅಲ್ಲಿ ಜಾಗ ಉಳಿಯಲಿಲ್ಲ.